ಪೇರ್ ವುಡ್ಡಿನ ಕಂದಕ ಮತ್ತು ಬ್ರಾಕ್ಲಿ ಗುಡ್ಡದ ಕುಂಬಾರರು

ಎಜ್‌ವೇರಿನ ಹೈ ಸ್ಟ್ರೀಟ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ವಾಹನಗಳ ಸಾಲು, ತರಕಾರಿ ಅಂಗಡಿಗಳು, ಶನಿವಾರದ ಗಡಿಬಿಡಿ. ಈ ರಸ್ತೆ ಇಷ್ಟು ನೇರವಾಗಿರುವುದೇಕೆ ಎಂಬ ಪ್ರಶ್ನೆ ವಾಹನ ನಿಂತಲ್ಲೇ ನಿಂತಾಗ ಏಳಬೇಕಾದದ್ದು, ಆದರೆ ಏಳುವುದಿಲ್ಲ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯವು ಈ ದ್ವೀಪಕ್ಕೆ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಲಂಡನ್ನಿನಿಂದ ವಾಯವ್ಯಕ್ಕೆ ಎಳೆದ ಹೆದ್ದಾರಿಯಿದು. ಇದಕ್ಕೆ ವಾಟ್ಲಿಂಗ್ ಸ್ಟ್ರೀಟ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ, ಸ್ಯಾಕ್ಸನ್ನರ ಕಾಲದಲ್ಲಿ. ಎಜ್‌ವೇರ್ ಎಂಬ ಊರ ಹೆಸರೂ ಅವರದೇ: ಎಜ್ಜಿ ಎಂಬ ಯಾರೋ ಒಬ್ಬನು ಹಳ್ಳಕ್ಕೆ ಕಟ್ಟಿದ ಮೀನುಗಟ್ಟೆ ಎಂದು ಅದರ ಅರ್ಥ. ರಸ್ತೆಯ ಮುಂದೆ ಊರು ತೀರ ಎಳೆಯದು.

ಈ ರಸ್ತೆಯಲ್ಲಿ ಉತ್ತರಕ್ಕೆ ಸುಮಾರು ಎರಡು ಮೈಲಿ ಸಾಗಿದರೆ ಏರು ಆರಂಭವಾಗುತ್ತದೆ. ಅದೇ ಬ್ರಾಕ್ಲಿ ಗುಡ್ಡ. ಗುಡ್ಡದ ಪಶ್ಚಿಮದ ಮಗ್ಗುಲಲ್ಲಿ, ಸ್ಟ್ಯಾನ್‌ಮೋರಿನ ವುಡ್ ಲೇನ್ ಎಂಬ ಓಣಿಗೆ ಹೊಂದಿಕೊಂಡು, ಪೇರ್ ವುಡ್ ಎಂಬ ಸಣ್ಣ ಕಾಡೊಂದಿದೆ. ಆ ಕಾಡಿನೊಳಗೆ ಒಂದು ಪಾಳು ಇದೆ. ಗೋಡೆ ಇಲ್ಲ, ಕಂಬವಿಲ್ಲ, ಕಮಾನಿಲ್ಲ. ಮನುಷ್ಯರು ತೋಡಿದ ಉದ್ದನೆಯ ಒಂದು ಕಂದಕ, ತೋಡಿದ ಮಣ್ಣನ್ನು ಪೇರಿಸಿ ಮಾಡಿದ ಒಂದು ದಿಬ್ಬ, ಅಷ್ಟೆ. ಸರ್ಕಾರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಎಜ್‌ವೇರಿನಲ್ಲಿ ಇಪ್ಪತ್ತು ವರ್ಷ ಬಾಳಿದವರಿಗೂ ಅದರ ಪರಿಚಯವಿರುವುದು ಅಪರೂಪ.

ಹಂಪಿ, ಬಾದಾಮಿ, ಬೇಲೂರುಗಳನ್ನು ಕಂಡ ಕಣ್ಣಿಗೆ ಇದು ನಿರಾಸೆಯೇ ಸರಿ. ಕಾಡಿನೊಳಗೆ ಕಾಲುದಾರಿಯಲ್ಲಿ ನಡೆಯುವಾಗ ಮೊದಲು ಏನೂ ಕಾಣುವುದಿಲ್ಲ. ಓಕ್ ಮತ್ತು ಹಾರ್ನ್‌ಬೀಮ್ ಮರಗಳು, ಕೆಳಗೆ ಹಾಲಿ ಪೊದೆಗಳು, ಕೊಳೆತ ಎಲೆಯ ಹಾಸು, ದೂರದಲ್ಲಿ ರಸ್ತೆಯ ಮೊರೆತ. ಅನಂತರ ನೆಲ ಒಂದು ಕಡೆ ತಗ್ಗಿ, ಮತ್ತೊಂದು ಕಡೆ ಉಬ್ಬಿ, ಆ ತಗ್ಗು ಉಬ್ಬುಗಳೆರಡೂ ಜೊತೆಜೊತೆಯಾಗಿ ಮರಗಳ ನಡುವೆ ಓಡುವುದು ಗಮನಕ್ಕೆ ಬರುತ್ತದೆ. ಹಳ್ಳವಾದರೆ ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆ; ಇದು ಹಾಗಲ್ಲ, ಒಂದು ಉದ್ದೇಶದಿಂದ ಹೋಗುತ್ತದೆ. ನನ್ನ ಮಗಳು ಮೊದಲ ಸಲ ನೋಡಿದಾಗ "ಇದು ಬರೀ ಗುಂಡಿ" ಎಂದು ತೀರ್ಪಿತ್ತಳು. ತೀರ್ಪು ಅನ್ಯಾಯದ್ದೇನೂ ಅಲ್ಲ. ಗುಂಡಿಯನ್ನು ತೋಡಿದವರು ಯಾರು, ಯಾರನ್ನು ತಡೆಯಲು ತೋಡಿದರು ಎಂಬುದು ಮಾತ್ರ ತೊಂಬತ್ತು ವರ್ಷಗಳಿಂದ ವಿದ್ವಾಂಸರ ತಲೆ ತಿಂದಿರುವ ವಿಷಯ.

ಇದಕ್ಕೆ ಗ್ರಿಮ್ಸ್ ಡಿಚ್, ಅಥವಾ ಗ್ರಿಮ್ಸ್ ಡೈಕ್, ಎಂದು ಹೆಸರು. ಇದೇ ಹೆಸರಿನ ಇನ್ನೊಂದು, ಹೆಚ್ಚು ಉದ್ದವಾದ ಕಂದಕ ಪಿನ್ನರಿನಿಂದ ಹ್ಯಾರೋ ವೀಲ್ಡಿನವರೆಗೆ ಅಲ್ಲಲ್ಲಿ ಉಳಿದಿದೆ. ನಾಟಕಕಾರ ಡಬ್ಲ್ಯೂ. ಎಸ್. ಗಿಲ್ಬರ್ಟನ ಮನೆಗೆ ಆ ಹೆಸರು ಬಂದದ್ದು ಅದರಿಂದಲೇ. ಈಗ ಹೋಟೆಲಾಗಿರುವ ಆ ಮನೆಯ ಆರತಕ್ಷತೆಗಳಲ್ಲಿ ಉಂಡವರು ನಮ್ಮ ಸಂಘದಲ್ಲೂ ಇರಬಹುದು. ತೋಟದ ಕಂದಕವನ್ನು ನೋಡಿದವರು ಎಷ್ಟು ಮಂದಿಯೋ. ಗ್ರಿಮ್ ಎಂದರೆ ಮುಖ ಮರೆಸಿಕೊಂಡವನು, ಸ್ಯಾಕ್ಸನ್ನರ ಮುಖ್ಯ ದೇವತೆ ವೋಡನ್ನನ ಮತ್ತೊಂದು ಹೆಸರು. ದಕ್ಷಿಣ ಇಂಗ್ಲೆಂಡಿನಲ್ಲಿ ಗ್ರಿಮ್‌ನ ಹೆಸರಿನ ಕಂದಕಗಳು ಹಲವಿವೆ. ಹೊಸದಾಗಿ ಬಂದು ನೆಲೆಸಿದವರು, ತಾವು ಕಟ್ಟದ, ಯಾರು ಕಟ್ಟಿದರೆಂದು ತಿಳಿಯದ ದೊಡ್ಡ ಕೆಲಸಗಳನ್ನು ಕಂಡಾಗ ಅವನ್ನು ದೇವತೆಯ ಲೆಕ್ಕಕ್ಕೆ ಬರೆದುಬಿಟ್ಟರು.

ಈ ಪದ್ಧತಿ ನಮಗೆ ಚೆನ್ನಾಗಿ ಗೊತ್ತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಯುಗೋತ್ತರ ಸಮಾಧಿಗಳು ನಾನೂರಕ್ಕೂ ಹೆಚ್ಚಿವೆ. ಸುತ್ತಲಿನ ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಕುಳ್ಳ ಮನುಷ್ಯರು ಅಲ್ಲಿ ವಾಸವಾಗಿದ್ದರಂತೆ. ಇನ್ನು ಕೆಲವೆಡೆ ಇಂಥವೇ ರಚನೆಗಳು ಪಾಂಡವರ ಪಾಲಾಗಿವೆ. ನಮ್ಮ ನಾಡಿನಲ್ಲಿ ಭೀಮ ಎತ್ತಿಡದ ಬಂಡೆ, ಸೀತೆ ಮೀಯದ ಹೊಂಡ ಎಲ್ಲಿದೆ? ಹೆಸರಿಡುವುದು ಒಂದು ಬಗೆಯ ವಿನಯ. ನಮಗಿಂತ ಮೊದಲು ಇಲ್ಲಿ ಯಾರೋ ಇದ್ದರು ಎಂಬುದನ್ನು ಒಪ್ಪಿಕೊಂಡಂತೆ.

ಪೇರ್ ವುಡ್ಡಿನ ಕಥೆಗೂ ಕರ್ನಾಟಕಕ್ಕೂ ಇದಕ್ಕಿಂತ ಗಟ್ಟಿಯಾದ ಸಂಬಂಧವೊಂದಿದೆ. ಅದರ ಹೆಸರು ಮಾರ್ಟಿಮರ್ ವೀಲರ್. 1926ರಿಂದ ಲಂಡನ್ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ವೀಲರ್, 1930ರ ದಶಕದ ಆರಂಭದಲ್ಲಿ ತನ್ನ ಪತ್ನಿ ಟೆಸ್ಸಾಳೊಡನೆ ಸೇಂಟ್ ಆಲ್ಬನ್ಸ್ ಬಳಿಯ ರೋಮನ್ ನಗರ ವೆರುಲೇಮಿಯಮ್ಮನ್ನು ಅಗೆದನು. ನಮ್ಮ ಹೈ ಸ್ಟ್ರೀಟ್ ನೇರವಾಗಿ ಹೋಗಿ ಸೇರುತ್ತಿದ್ದ ನಗರವದು. 1934ರಲ್ಲಿ ಆತ ಲಂಡನ್ ಸುತ್ತಲಿನ ಗ್ರಿಮ್ ಕಂದಕಗಳ ಬಗೆಗೆ ಒಂದು ಲೇಖನ ಬರೆದನು. ರೋಮನ್ ಆಡಳಿತ ಕುಸಿದ ಮೇಲೆ ಲಂಡನ್ ನಗರ ಪೂರ್ತಿ ಬರಿದಾಗಲಿಲ್ಲ. ಸ್ಯಾಕ್ಸನ್ನರು ಸುತ್ತ ನೆಲೆಯೂರುತ್ತಿದ್ದ ಕಾಲದಲ್ಲಿ ಅದಕ್ಕೆ ತನ್ನದೇ ಆದ ಸೀಮೆಯೊಂದು ಉಳಿದಿತ್ತು. ಈ ಕಂದಕಗಳು ಆ ಸೀಮೆಯ ಗಡಿಗುರುತು ಎಂಬುದು ಅವನ ವಾದ. ಧೈರ್ಯದ ವಾದ, ಓದಲು ಸೊಗಸಾದ ವಾದ. ಅಗೆದು ನೋಡದೆ ಹೇಳಿದ್ದು ಎಂಬುದೊಂದೇ ಅದರ ಕೊರತೆ.

ಹದಿಮೂರು ವರ್ಷಗಳ ಅನಂತರ ಅದೇ ವೀಲರ್, ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕನಾಗಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಗುಳಿ ತೋಡಿಸುತ್ತಿದ್ದನು. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿ. ಎಲ್. ರೈಸ್ 1892ರಲ್ಲೇ ಬೆಳಕಿಗೆ ತಂದಿದ್ದರು. ಚಂದ್ರವಳ್ಳಿಯಲ್ಲಿ 1929ರಲ್ಲಿ, ಬ್ರಹ್ಮಗಿರಿಯಲ್ಲಿ 1940ರಲ್ಲಿ ಅಗೆತ ನಡೆಸಿದ್ದವರು ಮೈಸೂರಿನ ಎಂ. ಎಚ್. ಕೃಷ್ಣ. ವೀಲರನ ಪುಸ್ತಕಗಳನ್ನು ಓದುವಾಗ ಕೃಷ್ಣರ ಹೆಸರನ್ನು ನಾವಾದರೂ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. 1947ರಲ್ಲಿ ವೀಲರ್ ಮಾಡಿದ್ದು ಪದರಗಳನ್ನು ಒಂದರಿಂದೊಂದು ಕಟ್ಟುನಿಟ್ಟಾಗಿ ಬೇರ್ಪಡಿಸುವ ಕೆಲಸ. ಕೆಳಗೆ ಕಲ್ಲು ಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಸಮಾಧಿಯವರು, ಅವರ ಮೇಲೆ ಶಾತವಾಹನರ ಕಾಲದವರು. ಈ ಪದರಗಳಿಗೆ ವರ್ಷಗಳನ್ನು ಗೊತ್ತುಮಾಡಲು ನೆರವಾದದ್ದು ಯಾವುದು? ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯ, ಮತ್ತು ರೋಮನ್ ವ್ಯಾಪಾರದೊಡನೆ ತಳುಕು ಹಾಕಿಕೊಂಡಿದ್ದ ಮಡಕೆ ಚೂರುಗಳು. ಎಜ್‌ವೇರಿನ ರಸ್ತೆಯನ್ನು ಹಾಕಿಸಿದ ಅದೇ ಸಾಮ್ರಾಜ್ಯದ ದುಡ್ಡು ಚಿತ್ರದುರ್ಗದ ಮಣ್ಣಿಗೆ ಕಾಲಸೂಚಿಯಾಯಿತು.

ಇದೇ 1947ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ, ಭಾರತದಲ್ಲಿ ಹೊಸ ಧ್ವಜ ಏರಿದ ವಾರಗಳಲ್ಲಿ, ಬ್ರಾಕ್ಲಿ ಗುಡ್ಡದ ಮೇಲೆ ಕ್ಯಾಥರೀನ್ ರಿಚರ್ಡ್‌ಸನ್ ಎಂಬ ಮಹಿಳೆ ಅಗೆತ ನಡೆಸುತ್ತಿದ್ದರು. ವೀಲರನ ಗರಡಿಯಲ್ಲಿ ಪಳಗಿದವರು. ಮುಂದೆ ಉತ್ತರ ಫ್ರಾನ್ಸಿನ ಗುಡ್ಡಕೋಟೆಗಳನ್ನು ಕುರಿತು ಅವನೊಡನೆ ಪುಸ್ತಕವನ್ನೂ ಬರೆದರು. ಗುರು ಮೊಳಕಾಲ್ಮುರಿನ ಬಿಸಿಲಿನಲ್ಲಿ, ಶಿಷ್ಯೆ ಸ್ಟ್ಯಾನ್‌ಮೋರಿನ ಜೇಡಿಮಣ್ಣಿನಲ್ಲಿ, ಒಂದೇ ವರ್ಷದಲ್ಲಿ, ಒಂದೇ ವಿಧಾನದಿಂದ.

ಬ್ರಾಕ್ಲಿ ಗುಡ್ಡದ ಮಣ್ಣಿನಲ್ಲಿ ಸಿಕ್ಕಿದ್ದು ಕುಂಬಾರರ ಕೇರಿ. 1937ರಿಂದ 1970ರ ದಶಕದವರೆಗೆ ಹಲವು ಕಂತುಗಳಲ್ಲಿ ನಡೆದ ಅಗೆತಗಳಲ್ಲಿ ಕುಲುಮೆಗಳು, ಸುಡುವಾಗ ಸೊಟ್ಟಗಾದ ಪಾತ್ರೆಗಳು, ರಾಶಿ ರಾಶಿ ಚೂರುಗಳು ಹೊರಬಂದವು. ಸುಮಾರು ಕ್ರಿ.ಶ. 50ರಿಂದ 160ರವರೆಗೆ, ಅಂದರೆ ನಾಲ್ಕು ತಲೆಮಾರುಗಳ ಕಾಲ, ಇಲ್ಲಿ ಒಲೆ ಹೊತ್ತಿ ಉರಿದಿದೆ. ಗುಡ್ಡದಲ್ಲಿ ಜೇಡಿಮಣ್ಣು, ಸುತ್ತ ಸೌದೆ, ಹತ್ತಿರ ನೀರು, ಎದುರಿಗೆ ಹೆದ್ದಾರಿ, ರಸ್ತೆಯ ಎರಡೂ ತುದಿಯಲ್ಲಿ ಕೊಳ್ಳುವ ನಗರಗಳು. ಕುಂಬಾರನಿಗೆ ಇನ್ನೇನು ಬೇಕು? ನಡುವೆ ಕ್ರಿ.ಶ. 60 ಅಥವಾ 61ರಲ್ಲಿ ರಾಣಿ ಬೌಡಿಕಾಳ ದಂಗೆಕೋರರು ಲಂಡನ್ನನ್ನೂ ವೆರುಲೇಮಿಯಮ್ಮನ್ನೂ ಸುಟ್ಟು ಬೂದಿ ಮಾಡಿದರು. ಎರಡು ನಗರಗಳ ನಡುವಿನ ದಾರಿಯ ಮೇಲೇ ಕುಳಿತಿದ್ದ ಈ ಕೇರಿಯವರು ಆ ದಿನಗಳನ್ನು ಹೇಗೆ ಕಳೆದರೋ. ಕೆಲಸವಂತೂ ಮುಂದುವರಿಯಿತು. ಸುಟ್ಟ ನಗರಗಳನ್ನು ಮತ್ತೆ ಕಟ್ಟುವಾಗ ಪಾತ್ರೆಗೆ ಬೇಡಿಕೆ ಇದ್ದೇ ಇರುತ್ತದೆ.

ಇಲ್ಲಿಯ ವಿಶೇಷ ಸರಕು ಮಾರ್ಟೇರಿಯಮ್ ಎಂಬ ಪಾತ್ರೆ. ಅಗಲವಾದ, ದಪ್ಪನೆಯ ಬೋಗುಣಿ. ಹಿಡಿಯಲು ಹೊರಕ್ಕೆ ಬಾಗಿದ ಅಂಚು. ಸುರಿಯಲು ಒಂದು ಕೊಕ್ಕು. ಒಳಮೈಗೆ ಹಸಿಯಾಗಿದ್ದಾಗಲೇ ಒತ್ತಿದ ಚಕಮಕಿ ಕಲ್ಲಿನ ಚೂರುಗಳು. ನಮ್ಮ ಒರಳಿನ ದಾಯಾದಿ ಎಂದರೆ ತಪ್ಪಾಗದು. ಆಯುರ್ವೇದದ ಖಲ್ವಕ್ಕೂ, ಇಂದಿಗೂ ಔಷಧದಂಗಡಿಯ ಫಲಕಗಳ ಮೇಲಿರುವ ಅರೆಯುವ ಬಟ್ಟಲಿಗೂ ನಂಟು. ಬಳಸಿ ಬಳಸಿ ಒಳಮೈ ನುಣುಪಾದ ಮಾರ್ಟೇರಿಯಮ್ಮುಗಳನ್ನು ನೋಡುವಾಗ ನನ್ನೊಳಗಿನ ವೈದ್ಯನಿಗೆ ಒಂದು ಕುತೂಹಲ: ಸವೆದ ಆ ಕಲ್ಲಿನ ಪುಡಿ ಹೋದದ್ದಾದರೂ ಎಲ್ಲಿಗೆ? ಊಟದೊಡನೆ ಹೊಟ್ಟೆಗೇ ಹೋಗಿರಬೇಕು, ಹೋಗುವ ದಾರಿಯಲ್ಲಿ ಹಲ್ಲುಗಳನ್ನೂ ಮಾತಾಡಿಸಿರಬೇಕು.

ಅರೆಯುತ್ತಿದ್ದುದು ಏನು ಎಂಬ ಪ್ರಶ್ನೆ ಇನ್ನೂ ರುಚಿಯಾದದ್ದು. ಸೊಪ್ಪು, ಬೀಜ, ಚೀಸು, ಮತ್ತು ಅನುಕೂಲವಿದ್ದವರ ಮನೆಯಲ್ಲಿ ಕರಿಮೆಣಸು. ಅಪಿಸಿಯಸ್ ಹೆಸರಿನಲ್ಲಿ ಉಳಿದುಬಂದಿರುವ ರೋಮನ್ ಪಾಕಗ್ರಂಥದ ಬಹುಪಾಲು ಅಡಿಗೆಗಳಿಗೆ ಮೆಣಸು ಬೇಕು. ಉತ್ತರದ ಗಡಿಯ ವಿಂಡೋಲಾಂಡಾ ಕೋಟೆಯಲ್ಲಿ ಸಿಕ್ಕ ಮರದ ಹಲಗೆಯ ಲೆಕ್ಕಪತ್ರವೊಂದರಲ್ಲಿ ಸೈನಿಕನೊಬ್ಬ ಎರಡು ಡಿನೇರಿಯಸ್‌ಗೆ ಮೆಣಸು ಕೊಂಡ ದಾಖಲೆಯಿದೆ. ಆ ಮೆಣಸು ಬೆಳೆದದ್ದು ನಮ್ಮ ಪಶ್ಚಿಮ ಘಟ್ಟದ ತೋಟಗಳಲ್ಲಿ. ಹಡಗೇರಿದ್ದು ಮಲಬಾರಿನ ಬಂದರುಗಳಲ್ಲಿ. ಬ್ರಾಕ್ಲಿ ಗುಡ್ಡದ ಬಗೆಯ ಮಾರ್ಟೇರಿಯಮ್ಮುಗಳು ಸ್ಕಾಟ್ಲೆಂಡಿನವರೆಗೂ ಹೋಗಿವೆ. ಒಂದು ಕಡೆಯಿಂದ ಮೆಣಸೂ ಇನ್ನೊಂದು ಕಡೆಯಿಂದ ಬೋಗುಣಿಯೂ ಪಯಣಿಸಿ ಯಾವುದೋ ಚಳಿಯ ಕೋಟೆಯಲ್ಲಿ ಸಂಧಿಸಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಈ ಕುಂಬಾರರ ಹೆಸರುಗಳು ನಮಗೆ ಗೊತ್ತಿವೆ. ಬೋಗುಣಿಯ ಅಂಚಿನ ಮೇಲೆ ತಮ್ಮ ಮುದ್ರೆ ಒತ್ತುವುದು ಅವರ ರೂಢಿ. ಡೊಯಿನಸ್, ಮೆಲಸ್, ಮಟುಗೆನಸ್. ಮಟುಗೆನಸ್ಸನು ಆಲ್ಬಿನಸ್ ಎಂಬ ಕುಂಬಾರನ ಮಗನೆಂಬುದೂ ಮುದ್ರೆಗಳಿಂದಲೇ ತಿಳಿದಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಆಲ್ಬಿನಸ್ ಎಂಬುದು ಶುದ್ಧ ಲ್ಯಾಟಿನ್ ಹೆಸರು. ಮಟುಗೆನಸ್ ಕೆಲ್ಟಿಕ್ ಮೂಲದ ಹೆಸರು. ತಂದೆಯದು ಆಳುವವರ ಭಾಷೆ, ಮಗನದು ಹಳಬರ ಭಾಷೆ. ತಲೆಮಾರು ಕಳೆದಂತೆ ಹೆಸರುಗಳು ಆಳುವವರ ಕಡೆಗೇ ಜಾರುತ್ತವೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆಲ್ಬಿನಸ್ ತನ್ನ ಮಗನಿಗೆ ಹೆಸರಿಡುವ ದಿನ ಮನೆಯಲ್ಲಿ ಏನು ಚರ್ಚೆ ನಡೆಯಿತೋ, ಅಜ್ಜಿಯ ಒತ್ತಾಯವೋ, ತಾಯಿಯ ಹಟವೋ. ಈ ದೇಶದಲ್ಲಿ ಮಕ್ಕಳಿಗೆ ಹೆಸರಿಟ್ಟ ಪ್ರತಿಯೊಂದು ಕನ್ನಡ ಮನೆಯೂ ಅಂಥ ಚರ್ಚೆಯನ್ನು ಬಲ್ಲದು: ಶಾಲೆಯಲ್ಲಿ ಉಚ್ಚರಿಸಲು ಬರಬೇಕು, ಊರಿನಲ್ಲಿ ನಗಬಾರದು, ಕುಲದೇವರಿಗೂ ಸಮಾಧಾನವಾಗಬೇಕು. ಮಟುಗೆನಸ್ ತನ್ನ ಕೆಲ್ಟಿಕ್ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ, ಲ್ಯಾಟಿನ್ ವ್ಯಾಕರಣದ ಕೊನೆಯಕ್ಷರ ಅಂಟಿಸಿ, ಸಾವಿರಾರು ಬೋಗುಣಿಗಳ ಮೇಲೆ ಒತ್ತಿ ಮಾರಿದನು.

ಕುಂಬಾರರು ಮಣ್ಣಿನೊಳಗೆ ಹೀಗೆ ಸದ್ದಿಲ್ಲದೆ ಮಲಗಿದ್ದಾಗ, ಮೇಲೆ ಇನ್ನೊಂದು ಇತಿಹಾಸ ತಯಾರಾಗುತ್ತಿತ್ತು. ರೋಮನ್ನರ ದಾರಿಪಟ್ಟಿಯೊಂದರಲ್ಲಿ ಲಂಡನ್ನಿಗೆ 12 ಮೈಲಿ, ವೆರುಲೇಮಿಯಮ್ಮಿಗೆ 9 ಮೈಲಿ ದೂರದಲ್ಲಿ ಸುಲ್ಲೋನಿಯಾಕೆ ಎಂಬ ತಂಗುದಾಣದ ಹೆಸರಿದೆ. ಲೆಕ್ಕ ಹಾಕಿದರೆ ಅದು ಸರಿಸುಮಾರು ಇಲ್ಲಿಗೇ ಬರುತ್ತದೆ. 1750ರಲ್ಲಿ, ಕ್ಯಾನನ್ಸ್ ಅರಮನೆಯ ಚಾಂಡೋಸ್ ಡ್ಯೂಕನ ಕಾರ್ಯದರ್ಶಿ ವಿಲಿಯಂ ಶಾರ್ಪ್ ಎಂಬಾತ ಗುಡ್ಡದ ಮೇಲೆ ಒಂದು ಕಲ್ಲಿನ ಸ್ತಂಭ ನಿಲ್ಲಿಸಿ, ಲ್ಯಾಟಿನ್ನಿನಲ್ಲಿ ಶಾಸನ ಕೆತ್ತಿಸಿದನು: ಜೂಲಿಯಸ್ ಸೀಸರನನ್ನು ಎದುರಿಸಿದ ಕ್ಯಾಸಿವೆಲೌನಸ್‌ನ ಜನರ ಕೋಟೆ ಇಲ್ಲಿತ್ತು ಎಂಬುದು ಅದರ ತಾತ್ಪರ್ಯ. ಆ ಸ್ತಂಭ ಇಂದಿಗೂ ಇದೆ, ರಾಯಲ್ ನ್ಯಾಷನಲ್ ಆರ್ಥೊಪೀಡಿಕ್ ಆಸ್ಪತ್ರೆಯ ಆವರಣದಲ್ಲಿ. ಸೀಸರನ ಯುದ್ಧಕ್ಕೆ ಇಲ್ಲಿ ಯಾವ ಪುರಾವೆಯೂ ಸಿಕ್ಕಿಲ್ಲ. ತಂಗುದಾಣದ ಕಟ್ಟಡಗಳು ಸಹ ನಿಸ್ಸಂದೇಹವಾಗಿ ಗುರುತಿಸುವಂತೆ ಸಿಕ್ಕಿಲ್ಲ. ಬರ್ನ್ಟ್ ಓಕಿನಲ್ಲಿ ರೋಮನ್ ಕಾಲದ ವಸ್ತುಗಳು ದೊರೆತ ಮೇಲೆ ಅದು ಇನ್ನೂ ದಕ್ಷಿಣಕ್ಕಿತ್ತೇನೋ ಎಂಬ ಸಂಶಯವೂ ಹುಟ್ಟಿತು. ಕಲ್ಲಿನ ಮೇಲೆ ಬರೆದದ್ದೆಲ್ಲ ಶಾಸನವೇ, ಆದರೆ ಶಾಸನವೆಲ್ಲ ನಿಜವಲ್ಲ ಎಂಬುದನ್ನು ನಮ್ಮ ಶಾಸನತಜ್ಞರೂ ಬಲ್ಲರು. ರಾಜನ ಹೆಸರು ಕೆತ್ತಿದ ಕಂಬಕ್ಕಿಂತ ಕುಂಬಾರನ ಹೆಸರು ಒತ್ತಿದ ಚೂರು ನನಗೆ ಹೆಚ್ಚು ನಂಬಿಕೆಯ ಸಾಕ್ಷಿ.

ಈ ಆಸ್ಪತ್ರೆಯ ಬಗೆಗೆ ಒಂದು ಮಾತು, ಕಸುಬಿನ ಅಭಿಮಾನಕ್ಕಾಗಿ. ಅದೇ ಜಾಗದಲ್ಲಿ 1884ರಲ್ಲಿ ಮೇರಿ ವಾರ್ಡೆಲ್ ಎಂಬಾಕೆ, ಸ್ಕಾರ್ಲೆಟ್ ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದವರಿಗಾಗಿ ಒಂದು ಆರೈಕೆಯ ಮನೆ ತೆರೆದಳು. ಪೆನಿಸಿಲಿನ್ ಇನ್ನೂ ಹುಟ್ಟದ ಕಾಲದಲ್ಲಿ ಆ ರೋಗಿಗಳನ್ನು ಮನೆಗೆ ಸೇರಿಸಿಕೊಳ್ಳಲು ಬಂಧುಗಳೂ ಹೆದರುತ್ತಿದ್ದರು. 1922ರಲ್ಲಿ ಅದು ಮೂಳೆ ಆಸ್ಪತ್ರೆಯ ಗ್ರಾಮಾಂತರ ಶಾಖೆಯಾಯಿತು.

ಕಂದಕಕ್ಕೆ ಮರಳೋಣ. ಪೇರ್ ವುಡ್ಡಿನಲ್ಲಿ 1948ರಿಂದ 1973ರವರೆಗೆ ಬಿಟ್ಟುಬಿಟ್ಟು ಅಗೆತಗಳು ನಡೆದವು. ಫಲಿತಾಂಶಗಳನ್ನು 1975ರಲ್ಲಿ ಸ್ಟೀಫನ್ ಕ್ಯಾಸಲ್ ಪ್ರಕಟಿಸಿದರು. ಇದರ ತರ್ಕ ಸರಳ, ರೋಗನಿದಾನದಂತೆಯೇ. ದಿಬ್ಬವನ್ನು ಪೇರಿಸುವಾಗ ಅದರ ಅಡಿಯಲ್ಲಿ ಸಿಕ್ಕಿಬಿದ್ದ ಮಡಕೆ ಚೂರು ದಿಬ್ಬಕ್ಕಿಂತ ಹಳೆಯದು. ದಿಬ್ಬ ಆ ಚೂರಿಗಿಂತ ಈಚಿನದು. ಇಲ್ಲಿ ದೊರೆತ ಚೂರುಗಳು ಬೆಟ್ಟು ಮಾಡಿ ತೋರಿದ್ದು ರೋಮನ್ ಆಳ್ವಿಕೆಯ ಕೊನೆಗಾಲವನ್ನು, ಅಥವಾ ಅದು ಮುಗಿದ ಅನಂತರದ ದಿನಗಳನ್ನು. ಹ್ಯಾರೋ ಕಡೆಯ ಉದ್ದನೆಯ ಕಂದಕವನ್ನು ಪರಿಶೀಲಿಸಿದಾಗ ಮಾತ್ರ ಅದು ಅದಕ್ಕಿಂತ ಶತಮಾನಗಳಷ್ಟು ಹಿಂದಿನದೆಂದು, ರೋಮನ್ನರು ಬಂದ ಆಸುಪಾಸಿನದೆಂದು ಕಂಡಿತು. ಒಂದೇ ಹೆಸರು, ಎರಡು ಕಾಲ. ವೀಲರನ ವಾದ ಹೀಗೆ ಅರ್ಧ ಬಿದ್ದುಹೋಯಿತು, ಅರ್ಧ ಪೇರ್ ವುಡ್ಡಿನಲ್ಲಿ ಉಸಿರಾಡುತ್ತಿದೆ.

ಆ ಅರ್ಧವನ್ನು ಒಪ್ಪಿದರೆ ಕಂದಕದ ಅಂಚಿನಲ್ಲಿ ನಿಂತವರಿಗೆ ಕಾಣುವುದು ಗುಂಡಿಯಲ್ಲ, ಒಂದು ಭಯ. ಕ್ರಿ.ಶ. 410ರ ಸುಮಾರಿಗೆ ರೋಮ್ ಈ ದ್ವೀಪದ ಕೈಬಿಟ್ಟಿತು. ಸಂಬಳ ತರುವ ನಾಣ್ಯಗಳು ಬರುವುದು ನಿಂತಿತು, ದೊಡ್ಡ ಕುಲುಮೆಗಳು ಆರಿದವು, ಒಂದೆರಡು ತಲೆಮಾರಿನಲ್ಲಿ ಚಕ್ರದ ಮೇಲೆ ಮಡಕೆ ತಿರುಗಿಸುವ ಕೌಶಲವೇ ಬಹುಮಟ್ಟಿಗೆ ಮರೆತುಹೋಯಿತು. ಅಂಥ ಹೊತ್ತಿನಲ್ಲಿ ಯಾರೋ ಸ್ಥಳೀಯರು, ತೆರಿಗೆ ಕಟ್ಟಿದ್ದಕ್ಕೆ ಕಾಯಲು ಬರುತ್ತಿದ್ದ ಸೈನ್ಯ ಇನ್ನು ಬರುವುದಿಲ್ಲವೆಂದು ಅರಿತು, ಗುದ್ದಲಿ ಹಿಡಿದು, ಹೆದ್ದಾರಿಯ ಪಕ್ಕದಲ್ಲಿ ಗಡಿ ತೋಡಿದರು. ಹೆದ್ದಾರಿಯ ಬಳಿಯಲ್ಲೇ ಏಕೆಂದರೆ ಬರುವವರು ಬರುವುದು ಅದರಿಂದಲೇ. ಎಂಥ ಜನರೆಂದು ಹೇಳಲು ಒಂದು ಮುದ್ರೆಯನ್ನೂ ಅವರು ಉಳಿಸಿಲ್ಲ. ಮಟುಗೆನಸ್ಸನ ಕಾಲಕ್ಕೂ ಇವರ ಕಾಲಕ್ಕೂ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಅವನ ಕೇರಿ ಆಗಲೇ ಮುಳ್ಳುಕಂಟಿಯಾಗಿದ್ದಿರಬೇಕು.

ಇಷ್ಟು ಹಳೆಯದು ಲಂಡನ್ನಿನ ಇಷ್ಟು ಹತ್ತಿರ ಉಳಿದದ್ದು ಪುಣ್ಯದಿಂದಲ್ಲ, ಒಂದು ಯುದ್ಧದಿಂದ. 1924ರಲ್ಲಿ ಎಜ್‌ವೇರಿಗೆ ಬಂದ ಭೂಗತ ರೈಲನ್ನು ಬ್ರಾಕ್ಲಿ ಗುಡ್ಡದ ಮೂಲಕ ಬುಷಿ ಹೀತಿನವರೆಗೆ ಒಯ್ಯುವ ಯೋಜನೆ ಸಿದ್ಧವಾಗಿತ್ತು. ನಿಲ್ದಾಣ ಬಂದೊಡನೆ ಮನೆಗಳ ಸಾಲು ಬರುವುದು ಎಜ್‌ವೇರಿನಲ್ಲಿ ಕಂಡ ಸತ್ಯ. 1939ರಲ್ಲಿ ಕೆಲಸವೂ ಆರಂಭವಾಯಿತು. ಯುದ್ಧ ಬಂದು ನಿಂತಿತು. ಯುದ್ಧ ಮುಗಿಯುವಷ್ಟರಲ್ಲಿ ನಗರದ ಸುತ್ತ ಹಸಿರು ಪಟ್ಟಿಯನ್ನು ಕಾಯುವ ನಿಯಮಗಳು ಬಿಗಿಯಾದವು, ಮನೆ ಕಟ್ಟಲಾಗದ ಕಡೆಗೆ ರೈಲು ಏಕೆಂದು ಯೋಜನೆಯನ್ನೇ ಕೈಬಿಟ್ಟರು. ಸೇತುವೆಗಾಗಿ ಕಟ್ಟಿದ್ದ ಕಮಾನುಗಳ ಮೋಟು ಬುಡಗಳು ಬ್ರಾಕ್ಲಿ ಗುಡ್ಡದ ತಪ್ಪಲಿನ ಹೊಲದಲ್ಲಿ ಇಂದಿಗೂ ನಿಂತಿವೆ. ರೋಮನ್ ಪಾಳನ್ನು ಹುಡುಕಿಕೊಂಡು ಬಂದವರು ಅವನ್ನು ಕಂಡು ಸಂಭ್ರಮಪಟ್ಟರೆ ಆಶ್ಚರ್ಯವಿಲ್ಲ. ನೋಡಲು ಹಾಗೆಯೇ ಇವೆ.

ಬ್ರಾಕ್ಲಿ ಗುಡ್ಡದಿಂದ ಪೆನ್ನಿವೆಲ್‌ವರೆಗಿನ ನೆಲದಲ್ಲಿ ಯಾರೂ ಊಹಿಸಲಾರದಷ್ಟು ಸಂಪತ್ತು ಅಡಗಿದೆ ಎಂಬ ಅರ್ಥದ ಗಾದೆಯೊಂದು ಈ ಭಾಗದಲ್ಲಿ ಹಿಂದೆ ಬಳಕೆಯಲ್ಲಿತ್ತು. ನಮ್ಮಲ್ಲಿ ನಿಧಿಯ ಆಸೆಗೆ ಎಷ್ಟು ಗರ್ಭಗುಡಿಗಳ ನೆಲ ಕಿತ್ತುಹೋಗಿದೆ, ಎಷ್ಟು ವೀರಗಲ್ಲುಗಳು ಮಗುಚಿಬಿದ್ದಿವೆ ಎಂಬುದನ್ನು ಬಲ್ಲವರಿಗೆ ಈ ಗಾದೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇಲ್ಲಿ ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ನಡೆಯುವುದೇ ಅಪರಾಧ. ಆದರೂ ಕಾನೂನಿಗಿಂತ ಹೆಚ್ಚು ಕೆಲಸ ಮಾಡಿರುವುದು ಅಕ್ಕಪಕ್ಕದ ನಿವಾಸಿಗಳು. 1961ರಲ್ಲಿ ಹೆಂಡನ್ ಸುತ್ತಲಿನ ಹವ್ಯಾಸಿಗಳು ಕಟ್ಟಿಕೊಂಡ ಪುರಾತತ್ತ್ವ ಸಂಘ ಇಂದಿಗೂ ನಡೆಯುತ್ತಿದೆ. ವಾರಾಂತ್ಯದಲ್ಲಿ ಮಡಕೆ ಚೂರುಗಳನ್ನು ತೊಳೆದು, ಒಂದೊಂದಕ್ಕೂ ಅಂಕಿ ಬರೆದು ಜೋಡಿಸುವ ಕೆಲಸಕ್ಕೆ ಯಾರೂ ಹಣ ಕೊಡುವುದಿಲ್ಲ. ನಮ್ಮ ಸಂಘದ ಯುಗಾದಿ ಊಟಕ್ಕೆ ಬಾಳೆಲೆ ಹಾಕುವವರಿಗೆ ಅವರ ಮನೋಧರ್ಮ ಬಿಡಿಸಿ ಹೇಳಬೇಕಾಗಿಲ್ಲ.

ಹೋಗಬಯಸುವವರಿಗೆ: ಎಲೆಯುದುರಿದ ಜನವರಿ, ಫೆಬ್ರವರಿ ತಿಂಗಳುಗಳೇ ಲೇಸು. ಬೇಸಿಗೆಯಲ್ಲಿ ಪೊದೆಗಳು ದಿಬ್ಬವನ್ನು ಪೂರ್ತಿ ಮುಚ್ಚಿಬಿಡುತ್ತವೆ. ಚಳಿಗಾಲದ ಇಳಿಬಿಸಿಲು ಓರೆಯಾಗಿ ಬಿದ್ದಾಗ ಕಂದಕದ ನೆರಳು ಗೆರೆಯಂತೆ ಎದ್ದು ಕಾಣುತ್ತದೆ. ಕೆಸರು ಧಾರಾಳವಾಗಿರುತ್ತದೆ, ವೆಲ್ಲಿಂಗ್‌ಟನ್ ಬೂಟುಗಳಿರಲಿ. ದಿಬ್ಬದ ಮೇಲೆ ಹತ್ತಿ ಇಳಿಯುವ ಮಕ್ಕಳನ್ನು ದಾರಿಗೇ ಕರೆದುಕೊಳ್ಳಿ, ಮಣ್ಣು ಬೇಗ ಜರಿಯುತ್ತದೆ. ಚೂರೇನಾದರೂ ಕಂಡರೆ ಎತ್ತದೆ ಬಿಡಿ. ಇದ್ದ ಜಾಗದಲ್ಲಿದ್ದರೆ ಮಾತ್ರ ಅದು ಸಾಕ್ಷಿ. ವುಡ್ ಲೇನಿನ ಇನ್ನೊಂದು ಬದಿಯ ವುಡ್ ಫಾರ್ಮಿನ ಎತ್ತರದಿಂದ, ಮೋಡವಿಲ್ಲದ ದಿನ, ಲಂಡನ್ ನಗರ ಪೂರ್ತಿ ಕಾಣುತ್ತದೆ. ಮಾರ್ಟೇರಿಯಮ್ಮುಗಳನ್ನು ನೋಡಬೇಕೆಂದಿದ್ದರೆ ಅದೇ ರಸ್ತೆಯಲ್ಲಿ ಮುಂದೆ ಸೇಂಟ್ ಆಲ್ಬನ್ಸಿಗೆ ಹೋಗಿ, ಅಲ್ಲಿಯ ವೆರುಲೇಮಿಯಮ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ.